ಮರೆಗುಳಿತನದ ಒಂದು ಸಮೀಕರಣ: ಆರೈಕೆ ಗೃಹದಲ್ಲಿ ಅದರ ಪರೀಕ್ಷೆ

ಕೆಳಗಿನ ಸಮೀಕರಣವನ್ನು ನಿಮ್ಮ ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?

ಮ = ವ್ಯ + ಜೀ + ಆ + ನ + ಸಾ

ಇಲ್ಲಿ ‘ಮ’ ಎಂದರೆ ಒಬ್ಬ ವ್ಯಕ್ತಿಯಲ್ಲಿ ನಮಗೆ ಕಾಣುವ ಮರೆಗುಳಿತನ, ಅಂದರೆ ಡಿಮೆನ್ಷಿಯಾ. ‘ವ್ಯ’ ಎಂಬುದು ಆ ವ್ಯಕ್ತಿಯ ವ್ಯಕ್ತಿತ್ವ, ‘ಜೀ’ ಎಂಬುದು ಜೀವನದಲ್ಲಿ ನಡೆದುಬಂದ ದಾರಿ, ‘ಆ’ ದೇಹದ ಆರೋಗ್ಯ, ‘ನ’ ಮಿದುಳಿನ ನರಕೋಶಗಳಿಗೆ ಆಗಿರುವ ಹಾನಿ. ಕೊನೆಯ ‘ಸಾ’ ಎಂದರೆ ಸುತ್ತಲಿನ ಜನ ಆ ವ್ಯಕ್ತಿಯೊಡನೆ ನಡೆದುಕೊಳ್ಳುವ ರೀತಿ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಈ ಸಮೀಕರಣವನ್ನು 1993ರಲ್ಲಿ ಪ್ರಕಟಿಸಿದರು. 1997ರಲ್ಲಿ ಬಂದ ಅವರ ‘ಡಿಮೆನ್ಷಿಯಾ ರೀಕನ್ಸಿಡರ್ಡ್’ ಎಂಬ ಪುಸ್ತಕ ಅದೇ ವಿಚಾರವನ್ನು ವಿಸ್ತರಿಸಿತು. ಮರುವರ್ಷವೇ ಅವರು ತೀರಿಕೊಂಡರು. ಆದರೆ ಜಗತ್ತಿನ ಅನೇಕ ಆರೈಕೆ ಗೃಹಗಳಲ್ಲಿ ಸಿಬ್ಬಂದಿಗೆ ಕೊಡುವ ತರಬೇತಿಯ ಬೇರು ಇಂದಿಗೂ ಈ ಚಿಂತನೆಯಲ್ಲಿದೆ.

ಭೌತಶಾಸ್ತ್ರದ ಅಧ್ಯಾಪಕನೊಬ್ಬ ಇದನ್ನು ಏಕೆ ವಿಮರ್ಶಿಸಬೇಕು ಎಂದು ನೀವು ಕೇಳಬಹುದು. ಸಮೀಕರಣವೆಂದು ಬರೆದ ಮೇಲೆ ಅದನ್ನು ಸಮೀಕರಣವಾಗಿ ಓದುವ ಹಕ್ಕು ನಮಗಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಸ್ವಂತದ್ದು. ಅದನ್ನು ಮುಂದೆ ಹೇಳುತ್ತೇನೆ.

ಸವಾಲು ಯಾರಿಗೆ?

ಮೊದಲು ಸಮಸ್ಯೆಯನ್ನು ತಿಳಿಯೋಣ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿತನ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಜನರನ್ನು ಮನೆಯವರೇ ನೋಡಿಕೊಳ್ಳುತ್ತಾರೆ. ಆದರೆ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಆರೈಕೆ ಗೃಹಗಳೂ ಬಂದಿವೆ. ಮನೆಯಾಗಲಿ, ಆರೈಕೆ ಗೃಹವಾಗಲಿ, ನೋಡಿಕೊಳ್ಳುವವರನ್ನು ಹೈರಾಣಾಗಿಸುವುದು ಬರಿಯ ಮರೆವಲ್ಲ. ಸ್ನಾನಕ್ಕೆ ಕರೆದರೆ ಹೊಡೆಯುವುದು, ರಾತ್ರಿಯಿಡೀ ಕೂಗುವುದು, ಒಂದೇ ಪ್ರಶ್ನೆಯನ್ನು ನೂರು ಸಲ ಕೇಳುವುದು, ‘ನಮ್ಮ ಮನೆಗೆ ಹೋಗಬೇಕು’ ಎಂದು ಗೇಟು ಜಗ್ಗುವುದು ಇತ್ಯಾದಿಗಳಿಂದ ಅವರು ಸೋತುಹೋಗುತ್ತಾರೆ. ಇವನ್ನೆಲ್ಲ ಒಟ್ಟಾಗಿ ‘ಸವಾಲಿನ ವರ್ತನೆ’ ಎನ್ನುವ ರೂಢಿಯಿದೆ.

ಈ ಪದ ಮರೆಗುಳಿತನದ ಕ್ಷೇತ್ರದಲ್ಲಿ ಹುಟ್ಟಿದ್ದಲ್ಲ. ಬುದ್ಧಿಮಾಂದ್ಯತೆ ಇರುವವರ ಸೇವೆಯಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂತು. ಈ ವರ್ತನೆ ನಮ್ಮ ಸೇವೆಗೆ ಒಡ್ಡಿದ ಸವಾಲು, ಉತ್ತರ ಕೊಡಬೇಕಾದವರು ನಾವು ಎಂಬುದು ಮೂಲ ಆಶಯವಾಗಿತ್ತು. ಬಳಸುತ್ತ ಬಳಸುತ್ತ ಅರ್ಥ ತಲೆಕೆಳಗಾಯಿತು. ಈಗ ‘ಅವರದು ಸವಾಲಿನ ವರ್ತನೆ’ ಎಂದರೆ ದೋಷ ಅವರೊಳಗೇ ಇದೆ ಎಂದಾಯಿತು. ಕಿಟ್‌ವುಡ್ ಸಮೀಕರಣದ ಮೌಲ್ಯ ಇರುವುದು ಇಲ್ಲಿ. ‘ಎಲ್ಲವೂ ನರಕೋಶದ ಹಾನಿಯಿಂದ’ ಎಂಬ ಒಂದೇ ಪದದ ವಿವರಣೆಯನ್ನು ಅವರು ಒಪ್ಪಲಿಲ್ಲ. ಬಲಗಡೆಯಲ್ಲಿ ಐದು ಪದಗಳನ್ನು ಬರೆದರು. ಮಿದುಳಿನ ಹಾನಿಯನ್ನು ಇಂದು ನಾವು ಸರಿಪಡಿಸಲಾರೆವು. ಕಳೆದ ಜೀವನವನ್ನೂ ಬದಲಿಸಲಾರೆವು. ಆದರೆ ಆರೋಗ್ಯವನ್ನೂ ನಮ್ಮ ನಡವಳಿಕೆಯನ್ನೂ ಬದಲಿಸಬಹುದು.

ಆ ನಡವಳಿಕೆಯ ಬಗ್ಗೆ ಪುಸ್ತಕ ಮಾಡುವ ಪಟ್ಟಿ ಓದುವವರನ್ನು ಮುಜುಗರಕ್ಕೆ ಈಡುಮಾಡುತ್ತದೆ. ಮಗುವಿನಂತೆ ಮಾತನಾಡಿಸುವುದು, ಅವರ ವೇಗಕ್ಕೆ ಮೀರಿ ಅವಸರಪಡಿಸುವುದು, ಎದುರಿಗೇ ಇದ್ದರೂ ಇಲ್ಲದವರಂತೆ ಅವರ ಬಗ್ಗೆ ಬೇರೆಯವರೊಡನೆ ಮಾತನಾಡುವುದು, ಸುಳ್ಳು ಹೇಳಿ ಕೆಲಸ ಸಾಧಿಸುವುದು ಹೀಗೆ ಹದಿನೇಳು ಬಗೆಗಳು ಅದರಲ್ಲಿವೆ. ಇವನ್ನು ಮಾಡುವವರು ಕೆಟ್ಟವರಲ್ಲ, ಒಳ್ಳೆಯ ಉದ್ದೇಶದವರೇ ಎಂದೂ ಕಿಟ್‌ವುಡ್ ಸ್ಪಷ್ಟಪಡಿಸಿದ್ದಾರೆ.

ಕೂಡುವ ಚಿಹ್ನೆಯ ತೊಂದರೆ

ಇನ್ನು ಆಕ್ಷೇಪಣೆಗಳು. ಮೊದಲನೆಯದನ್ನು ಪಿಯುಸಿ ವಿದ್ಯಾರ್ಥಿಯೂ ಹೇಳಬಲ್ಲ. ಕೂಡಬೇಕಾದರೆ ಪದಗಳೆಲ್ಲ ಒಂದೇ ಮಾನದಲ್ಲಿರಬೇಕು. ಮೀಟರಿಗೆ ಕಿಲೋಗ್ರಾಮನ್ನು ಕೂಡಲಾಗದು. ಜೀವನಚರಿತ್ರೆಯನ್ನು ನರಕೋಶದ ಹಾನಿಗೆ ಕೂಡುವುದು ಹೇಗೆ? ಇದು ಸರಿಯಾದ ಆಕ್ಷೇಪಣೆಯೇ, ಆದರೆ ದೊಡ್ಡದಲ್ಲ. ಕಿಟ್‌ವುಡ್ ಇದನ್ನು ನೆನಪಿಡುವ ಸೂತ್ರದಂತೆ ಬಳಸಿದರು ಎಂದು ಬಿಟ್ಟುಬಿಡಬಹುದು.

ಎರಡನೆಯದನ್ನು ಹಾಗೆ ಬಿಡಲಾಗದು. ಕೂಡುವ ಚಿಹ್ನೆಗೆ ಒಂದು ಭೌತಿಕ ಅರ್ಥವಿದೆ. ಪದಗಳು ಒಂದನ್ನೊಂದು ಅವಲಂಬಿಸದೆ ಕೆಲಸ ಮಾಡುತ್ತವೆ ಎಂಬುದೇ ಆ ಅರ್ಥ. ‘ಆ’ದಲ್ಲಿ ಒಂದು ಬದಲಾವಣೆ ಮಾಡಿದರೆ, ‘ಸಾ’ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅಷ್ಟೇ ಫಲ ಬರಬೇಕು. ಇದು ಪರೀಕ್ಷಿಸಬಹುದಾದ ಮಾತು, ಮತ್ತು ಇದನ್ನು ಪರೀಕ್ಷಿಸಿದಂತೆಯೇ ಆದ ಒಂದು ಪ್ರಯೋಗ ಇಂಗ್ಲೆಂಡಿನಲ್ಲಿ ನಡೆದಿದೆ.

ಕ್ಲೈವ್ ಬ್ಯಾಲರ್ಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ 16 ಆರೈಕೆ ಗೃಹಗಳ 277 ಮಂದಿ ಇದ್ದರು. ವ್ಯಕ್ತಿಯನ್ನು ಕೇಂದ್ರದಲ್ಲಿಟ್ಟು ಆರೈಕೆ ಮಾಡುವ ತರಬೇತಿ ಎಲ್ಲ ಗೃಹಗಳಿಗೂ ಸಿಕ್ಕಿತು. ಅದರ ಮೇಲೆ ಮೂರು ಕ್ರಮಗಳು: ಆಂಟಿಸೈಕೋಟಿಕ್ ಔಷಧಗಳ ಮರುಪರಿಶೀಲನೆ, ಒಡನಾಟದ ಕಾರ್ಯಕ್ರಮ ಮತ್ತು ವ್ಯಾಯಾಮ. ಪ್ರತಿಯೊಂದು ಕ್ರಮವೂ ಒಂದೋ ಇದೆ, ಇಲ್ಲವೇ ಇಲ್ಲ. ಎರಡರ ಮೂರನೆಯ ಘಾತ ಎಂಟು. ಎಂಟು ಸಂಯೋಜನೆಗಳು, ಒಂದೊಂದಕ್ಕೂ ಎರಡು ಗೃಹಗಳು, ಒಂಬತ್ತು ತಿಂಗಳ ಅವಧಿ. ಒಂದೇ ಪ್ರಯೋಗದಲ್ಲಿ ಮೂರು ಚರಗಳನ್ನೂ ಅವುಗಳ ಪರಸ್ಪರ ಪ್ರಭಾವವನ್ನೂ ಅಳೆಯುವ ಈ ವಿನ್ಯಾಸ ನಮ್ಮ ಪದವಿ ತರಗತಿಗಳಲ್ಲಿ ಪಾಠವಾಗಬೇಕಾದದ್ದು.

ಫಲಿತಾಂಶ ಏನಾಯಿತು? ಮರುಪರಿಶೀಲನೆಯಿಂದ ಔಷಧದ ಬಳಕೆ ಅರ್ಧಕ್ಕೆ ಇಳಿಯಿತು. ಆದರೆ ಒಡನಾಟದ ಕಾರ್ಯಕ್ರಮವಿಲ್ಲದೆ ಔಷಧವನ್ನು ಮಾತ್ರ ಕಡಿಮೆ ಮಾಡಿದಲ್ಲಿ ವರ್ತನೆಯ ತೊಂದರೆಗಳು ಹೆಚ್ಚಿದವು. ಎರಡೂ ಕ್ರಮ ಜೊತೆಗಿದ್ದಲ್ಲಿ ಆ ಕೆಡುಕು ತಗ್ಗಿತು, ಸಾವುಗಳೂ ಕಡಿಮೆಯಾದವು. ಔಷಧ ನಿಲ್ಲಿಸುವುದರ ಫಲ ಒಡನಾಟದ ಮೇಲೆ ನಿಂತಿದೆ ಎಂದಾಯಿತು. ಪದಗಳು ಸ್ವತಂತ್ರವಲ್ಲ. ಅಲ್ಲಿ ಕೂಡುವ ಚಿಹ್ನೆ ಸಲ್ಲದು. ಒಂದೊಂದು ಸಂಯೋಜನೆಗೆ ಎರಡೇ ಗೃಹಗಳಿದ್ದುದರಿಂದ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು, ನಿಜ. ಆದರೂ ‘ಮಾತ್ರೆ ಕೆಟ್ಟದ್ದು, ನಿಲ್ಲಿಸಿ’ ಎಂದಷ್ಟೇ ಹೇಳುವವರು ಈ ಫಲಿತಾಂಶವನ್ನು ಮರೆಯುವಂತಿಲ್ಲ.

ಅಳತೆಗೋಲಿನ ಸೊನ್ನೆ ಎಲ್ಲಿದೆ?

ಕಿಟ್‌ವುಡ್ ಪುಸ್ತಕದ ದೊಡ್ಡ ಕೊರತೆ ಅಳತೆಯದು. ಒಳ್ಳೆಯ ಆರೈಕೆ ಸಿಕ್ಕಾಗ ಕೆಲವರು ಮರೆಗುಳಿತನದಿಂದ ಸ್ವಲ್ಪ ಹಿಂದಿರುಗಿ ಬರುತ್ತಾರೆ ಎಂದು ಅವರು ಹೇಳುತ್ತಾರೆ. ಅದಕ್ಕೆ ಕೊಡುವ ಆಧಾರ ಕೆಲವು ವ್ಯಕ್ತಿಗಳ ಕಥೆಗಳು. ಹೋಲಿಸಿ ನೋಡಲು ನಿಯಂತ್ರಣ ಗುಂಪಿಲ್ಲ.

ಅಳತೆ ಮಾಡಿದವರದೂ ದೋಷವಿಲ್ಲದ ಕೆಲಸವಲ್ಲ. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಮಾಪಕ ಜಿಸ್ಕಾ ಕೋಹೆನ್-ಮ್ಯಾನ್ಸ್‌ಫೀಲ್ಡ್ ರೂಪಿಸಿದ್ದು. ಅದರಲ್ಲಿ 29 ವರ್ತನೆಗಳಿವೆ. ಪ್ರತಿಯೊಂದೂ ಎಷ್ಟು ಸಲ ಕಾಣಿಸಿತು ಎಂಬುದಕ್ಕೆ 1ರಿಂದ 7ರವರೆಗೆ ಅಂಕ. ಯಾವ ವರ್ತನೆಯೂ ಇಲ್ಲದ ಶಾಂತ ವ್ಯಕ್ತಿಗೆ ಸಿಗುವ ಅಂಕ ಸೊನ್ನೆಯಲ್ಲ, 29. ಇದು ಸೆಲ್ಸಿಯಸ್ ಮಾಪಕವಿದ್ದಂತೆ. 40 ಡಿಗ್ರಿಯ ನೀರು 20 ಡಿಗ್ರಿಯ ನೀರಿನ ಎರಡರಷ್ಟು ಬಿಸಿ ಎಂದರೆ ನಾವು ಹುಡುಗರನ್ನು ತಿದ್ದುತ್ತೇವೆ. ಇಲ್ಲೂ ಶೇಕಡಾ ಲೆಕ್ಕ ಹಾಕುವಾಗ ಅದೇ ತಪ್ಪು ನುಸುಳುತ್ತದೆ. ಅಂಕ 60ರಿಂದ 50ಕ್ಕೆ ಇಳಿದರೆ ಶೇಕಡಾ 17ರ ಇಳಿಕೆ ಎನ್ನುತ್ತೇವೆ. ಆದರೆ 29ನ್ನು ಕಳೆದು ನೋಡಿ: 31ರಿಂದ 21ಕ್ಕೆ, ಎಂದರೆ ಶೇಕಡಾ 32. ಅಲ್ಲದೆ ಮಾಪಕ ಎಣಿಸುವುದು ಎಷ್ಟು ಸಲ ಎಂಬುದನ್ನು ಮಾತ್ರ, ಏಕೆ ಎಂಬುದನ್ನಲ್ಲ. ಕೂಗಿದ್ದು ನೋವಿಗೋ ಭಯಕ್ಕೋ ಬೇಸರಕ್ಕೋ, ಅಂಕ ಒಂದೇ.

‘ಏಕೆ’ ಎಂಬುದನ್ನು ಹುಡುಕಿದ ಒಂದು ಒಳ್ಳೆಯ ಪ್ರಯೋಗ ನಾರ್ವೆಯದು. ಬೆಟ್ಟೀನಾ ಹುಸೆಬೊ ತಂಡ 2011ರಲ್ಲಿ ಪ್ರಕಟಿಸಿದ್ದು. 18 ಶುಶ್ರೂಷಾ ಗೃಹಗಳ 352 ಮಂದಿ. ಮರೆಗುಳಿತನ ಬಲಿತವರು ‘ನೋಯುತ್ತಿದೆ’ ಎಂದು ಹೇಳಲಾರರು, ಹಾಗಾಗಿ ನೋವು ಚಡಪಡಿಕೆಯಾಗಿ ಹೊರಬರುತ್ತಿರಬಹುದು ಎಂಬುದು ತಂಡದ ಊಹೆ. ಅರ್ಧ ಘಟಕಗಳಲ್ಲಿ ಎಂಟು ವಾರ ನೋವಿಗೆ ಕ್ರಮಬದ್ಧ ಚಿಕಿತ್ಸೆ ಕೊಟ್ಟರು. ಬಹುತೇಕರಿಗೆ ಸಿಕ್ಕಿದ್ದು ನಮಗೆಲ್ಲ ಪರಿಚಿತವಾದ ಪ್ಯಾರಾಸಿಟಮಾಲ್. ಚಡಪಡಿಕೆಯ ಅಂಕ ಸರಾಸರಿ ಶೇಕಡಾ 17ರಷ್ಟು ಇಳಿಯಿತು. ಚಿಕಿತ್ಸೆ ನಿಲ್ಲಿಸಿದ ಬಳಿಕ ನಾಲ್ಕು ವಾರ ಕಳೆದು ನೋಡಿದಾಗ ಮತ್ತೆ ಏರಿತ್ತು. ಸ್ವಿಚ್ಚು ಹಾಕಿದಾಗ ದೀಪ ಹತ್ತಿ, ತೆಗೆದಾಗ ಆರಿದರೆ ಸಂಬಂಧವಿದೆ ಎಂದು ನಂಬಲು ಕಾರಣವಿದೆ.

ಮೂಗಿಗೆ ಕ್ಲಿಪ್ಪು

ಔಷಧವಲ್ಲದ ಉಪಾಯಗಳೆಲ್ಲ ಒಳ್ಳೆಯವು ಎಂದೂ ತಿಳಿಯಬೇಡಿ. ಮೆಲಿಸ್ಸಾ ಎಂಬ ಸಸ್ಯದ ಸುಗಂಧ ತೈಲವನ್ನು ಹಚ್ಚಿದರೆ ಚಡಪಡಿಕೆ ಬಹಳ ಕಡಿಮೆಯಾಗುತ್ತದೆ ಎಂದು 2002ರ ಒಂದು ಪ್ರಯೋಗ ಹೇಳಿತು. ತೊಡಕೊಂದಿತ್ತು. ಪರಿಮಳ ಎಲ್ಲರಿಗೂ ಬರುತ್ತದಲ್ಲ! ಯಾರಿಗೆ ಯಾವ ತೈಲ ಎಂಬುದು ಅಂಕ ಹಾಕುವವರಿಗೆ ಗೊತ್ತಾದರೆ ಮನಸ್ಸು ವಾಲುತ್ತದೆ. 2011ರಲ್ಲಿ ಅಲಿಸ್ಟರ್ ಬರ್ನ್ಸ್ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಹೆಚ್ಚು ಬಿಗಿಯಾಗಿ ಮಾಡಿದರು. ಅಂಕ ಹಾಕುವವರು ಮೂಗಿಗೆ ಕ್ಲಿಪ್ಪು ಹಾಕಿಕೊಂಡರು. ತೈಲ, ಡೊನೆಪೆಜಿಲ್ ಎಂಬ ಮಾತ್ರೆ, ಎರಡೂ ಹುಸಿ ಎಂದು ಮೂರು ಗುಂಪುಗಳು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಆದರೆ 12 ವಾರಗಳಲ್ಲಿ ಮೂರೂ ಗುಂಪುಗಳವರು ಸುಧಾರಿಸಿದರು. ಒಂದು ಮಾಪಕದಲ್ಲಿ ಶೇಕಡಾ 37ರಷ್ಟು!

ಹುಸಿ ಮದ್ದಿನವರೂ ಸುಧಾರಿಸಿದ್ದೇಕೆ? ಪ್ರಯೋಗದ ನೆಪದಲ್ಲಿ ಸಿಕ್ಕ ಗಮನ ಒಂದು ಕಾರಣವಿರಬಹುದು. ಇನ್ನೊಂದನ್ನು ಫ್ರಾನ್ಸಿಸ್ ಗಾಲ್ಟನ್ 19ನೆಯ ಶತಮಾನದಲ್ಲೇ ಗುರುತಿಸಿದ್ದರು: ಸರಾಸರಿಯತ್ತ ಮರಳುವುದು. ಬಹಳ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅಷ್ಟು ಎತ್ತರವಿರುವುದಿಲ್ಲ. ಹಾಗೆಯೇ ಏರಿಳಿಯುವ ಯಾವುದೇ ರಾಶಿಯನ್ನು ಅದರ ಶಿಖರದಲ್ಲಿ ಹಿಡಿದು ಮತ್ತೆ ಅಳೆದರೆ ಎರಡನೆಯ ಅಳತೆ ಕೆಳಗಿರುವ ಸಂಭವವೇ ಹೆಚ್ಚು. ಆರೈಕೆ ಗೃಹದಲ್ಲಿ ವೈದ್ಯರಿಗೆ ಫೋನು ಹೋಗುವುದು ಯಾವಾಗ? ವರ್ತನೆ ಶಿಖರದಲ್ಲಿದ್ದಾಗ. ಆ ದಿನ ಏನನ್ನೇ ಕೊಟ್ಟರೂ ಎರಡು ವಾರದ ನಂತರ ಅದು ಕೆಲಸ ಮಾಡಿದಂತೆ ಕಾಣುವ ಸಾಧ್ಯತೆ ದೊಡ್ಡದು.

ಬೆಲೆ ತೆತ್ತವರು

ಕೊಟ್ಟದ್ದು ನಿರುಪದ್ರವಿಯಾಗಿದ್ದರೆ ಇದು ಬರಿಯ ತರ್ಕದ ಚರ್ಚೆಯಾಗುತ್ತಿತ್ತು. ಆಂಟಿಸೈಕೋಟಿಕ್‌ಗಳು ನಿರುಪದ್ರವಿಗಳಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಮರೆಗುಳಿತನದ ವೃದ್ಧರಲ್ಲಿ ಈ ಔಷಧಗಳಿಂದ ಸಾವಿನ ಅಪಾಯ ಹುಸಿ ಮದ್ದಿಗಿಂತ 1.6ರಿಂದ 1.7 ಪಟ್ಟು ಎಂದು ಎಚ್ಚರಿಸಿತು. ಬ್ರಿಟನ್ನಿನಲ್ಲಿ 165 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಮುಂದುವರಿಸಿ, ಇನ್ನೊಂದಕ್ಕೆ ಹುಸಿ ಮದ್ದು ಕೊಟ್ಟ ಪ್ರಯೋಗದ ವರದಿ 2009ರಲ್ಲಿ ಬಂತು. ಎರಡು ವರ್ಷದ ನಂತರ ಬದುಕಿದ್ದವರು: ಔಷಧ ಮುಂದುವರಿದವರಲ್ಲಿ ಶೇಕಡಾ 46, ನಿಲ್ಲಿಸಿದವರಲ್ಲಿ ಶೇಕಡಾ 71.

ಅದೇ ವರ್ಷ ಸುಬೆ ಬ್ಯಾನರ್ಜಿ ಬ್ರಿಟನ್ ಸರ್ಕಾರಕ್ಕೆ ಕೊಟ್ಟ ವರದಿಯ ಲೆಕ್ಕ ಹೀಗಿತ್ತು: ವರ್ಷಕ್ಕೆ ಸುಮಾರು 1,80,000 ಮಂದಿಗೆ ಈ ಔಷಧ, ಲಾಭ ಪಡೆಯುವವರು ಹೆಚ್ಚೆಂದರೆ 36,000, ಹೆಚ್ಚುವರಿ ಸಾವು ಸುಮಾರು 1,800. ನೂರು ಜನರಿಗೆ ಕೊಟ್ಟರೆ ಇಪ್ಪತ್ತು ಜನಕ್ಕೆ ಲಾಭ, ಒಬ್ಬರ ಸಾವು. ಇಂಗ್ಲೆಂಡಿನಲ್ಲಿ ಬಳಕೆ ಇಳಿಯಿತು. ಮರೆಗುಳಿತನವಿರುವವರಲ್ಲಿ ಈ ಔಷಧ ಪಡೆಯುತ್ತಿದ್ದವರು 2006ರಲ್ಲಿ ಶೇಕಡಾ 17 ಇದ್ದದ್ದು 2011ಕ್ಕೆ 7ಕ್ಕಿಂತ ಕಡಿಮೆಯಾಯಿತೆಂದು ಅಲ್ಲಿನ ರಾಷ್ಟ್ರೀಯ ತಪಾಸಣೆ ತಿಳಿಸಿತು.

ಹಾಗೆಂದು ಈ ಔಷಧಗಳಿಗೆ ಜಾಗವೇ ಇಲ್ಲವೆಂದಲ್ಲ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂಥ ಸ್ಥಿತಿ ಇದ್ದರೆ, ಅಥವಾ ಸಂಕಟ ತೀವ್ರವಾಗಿದ್ದರೆ, ಅತಿ ಕಡಿಮೆ ಪ್ರಮಾಣದಲ್ಲಿ, ಅತಿ ಕಡಿಮೆ ಕಾಲ ಕೊಡಬಹುದು. ಕನಿಷ್ಠ ಆರು ವಾರಕ್ಕೊಮ್ಮೆ ಮರುಪರಿಶೀಲಿಸಬೇಕು ಎಂದು ಬ್ರಿಟನ್ನಿನ 2018ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕೂ ಮೊದಲು ನೋವು, ಸೋಂಕು, ಪರಿಸರ ಮುಂತಾದ ಕಾರಣಗಳನ್ನು ಹುಡುಕಬೇಕು ಎನ್ನುತ್ತದೆ. ಅಮೆರಿಕದಲ್ಲಿ ಆಲ್ಜೈಮರ್ಸ್ ಕಾಯಿಲೆಯ ಚಡಪಡಿಕೆಗೆಂದೇ ಮೊದಲ ಬಾರಿಗೆ ಅನುಮತಿ ಪಡೆದ ಔಷಧ ಬ್ರೆಕ್ಸ್‌ಪಿಪ್ರಜೋಲ್. 2023ರಲ್ಲಿ ಬಂದ ಆ ಔಷಧದ ಪೊಟ್ಟಣದ ಮೇಲೂ ಸಾವಿನ ಅಪಾಯದ ಅದೇ ಎಚ್ಚರಿಕೆ ಇದೆ.

ನನ್ನ ತಪ್ಪು

ಆರಂಭದಲ್ಲಿ ಹೇಳಿದ ಸ್ವಂತ ಕಾರಣಕ್ಕೆ ಬರುತ್ತೇನೆ. ನನ್ನ ಸೋದರತ್ತೆ ಮಾಧ್ಯಮಿಕ ಶಾಲೆಯಲ್ಲಿ ಗಣಿತ ಕಲಿಸಿದವರು. ನನಗೆ ಭಿನ್ನರಾಶಿ ಹೇಳಿಕೊಟ್ಟವರೂ ಅವರೇ. ಕೊನೆಯ ವರ್ಷಗಳಲ್ಲಿ ಮರೆಗುಳಿತನ ಬಲಿತು, ಒಂದು ಆರೈಕೆ ಗೃಹದಲ್ಲಿದ್ದರು. ಬೆಳಿಗ್ಗೆ ಹಲ್ಲುಜ್ಜಿಸಿ ಸ್ನಾನಕ್ಕೆ ಕರೆದೊಯ್ಯುವಾಗ ಕೈ ಎತ್ತುತ್ತಿದ್ದರು. ಒಂದು ದಿನ ಅಲ್ಲಿಂದ ಫೋನು ಬಂತು: “ಸಾರ್, ನಿಮ್ಮತ್ತೆಯವರು ಇವತ್ತೂ ಹೊಡೆದರು. ಸಂಭಾಳಿಸೋದು ಕಷ್ಟ ಆಗ್ತಿದೆ.” ನಾನು ತರಗತಿಗೆ ಹೊರಟಿದ್ದೆ. “ಡಾಕ್ಟರಿಗೆ ಹೇಳಿ ಏನಾದರೂ ಮಾತ್ರೆ ಬರೆಸಿ” ಎಂದೆ. ಬರೆಸಿದರು. ಹತ್ತು ದಿನದಲ್ಲಿ ಅತ್ತೆ ಶಾಂತವಾದರು. ಗೋಡೆ ಹಿಡಿದು ನಡೆಯತೊಡಗಿದರು, ಮಾತು ಕಡಿಮೆಯಾಯಿತು. ಅದು ಕಾಯಿಲೆಯ ಮುಂದಿನ ಹಂತ ಎಂದುಕೊಂಡೆ. ಹಿಂದೆ ಹೀಗೆ ಏರಿ ತಾನೇ ಇಳಿದ ದಿನಗಳಿದ್ದವೇ ಎಂದು ನಾನು ಕೇಳಲಿಲ್ಲ.

ಅವರು ಒಂದೇ ಪಕ್ಕದಲ್ಲಿ ಅಗಿಯುತ್ತಾರೆ ಎಂದು ಗಮನಿಸಿದ್ದು ಹೊಸದಾಗಿ ಬಂದ ಒಬ್ಬ ಆಯಾ. ದಂತವೈದ್ಯರು ನೋಡಿದಾಗ ದವಡೆ ಹಲ್ಲೊಂದು ಮುರಿದು ಕೀವಾಗಿತ್ತು. ಅದನ್ನು ಕಿತ್ತರು. ಅದೇ ವಾರ ವೈದ್ಯರು ಮಾತ್ರೆಯನ್ನು ಕಡಿಮೆ ಮಾಡುತ್ತ ಬಂದರು. ಆ ಆಯಾ ಸ್ನಾನವನ್ನು ಬೆಳಗಿನ ಐದು ಗಂಟೆಯಿಂದ ಮಧ್ಯಾಹ್ನಕ್ಕೆ ಬದಲಿಸಿಕೊಂಡಳು. ಹೊಡೆತ ಬಹುಮಟ್ಟಿಗೆ ನಿಂತಿತು. ಅತ್ತೆ ಮತ್ತೆ ಗೋಡೆ ಬಿಟ್ಟು ನಡೆದರು. ಮೂರು ಬದಲಾವಣೆಗಳಲ್ಲಿ ಯಾವುದರಿಂದ ಎಷ್ಟು? ಪ್ರಯೋಗಶಾಲೆಯಲ್ಲಿ ಒಮ್ಮೆಗೇ ಎರಡು ಚರಗಳನ್ನು ಬದಲಿಸಿದ ಹುಡುಗರನ್ನು ಮೂವತ್ತು ವರ್ಷ ಗದರಿಸಿದ ನಾನು, ಈ ಲೆಕ್ಕವನ್ನು ಬಿಡಿಸಲಾರೆ. ಒಂದು ಮಾತ್ರ ಖಚಿತ. ಹಲ್ಲುಜ್ಜಿದ ಬಳಿಕವೇ ಕೈ ಎತ್ತುತ್ತಿದ್ದರು ಎಂಬ ಸುಳಿವು ಮೊದಲ ದಿನದಿಂದ ಎದುರಿಗಿತ್ತು. ನಾವು ಅದನ್ನು ಬರೆದಿಡಲಿಲ್ಲ.

ಎಷ್ಟು ಅಂಕ?

ಸಮೀಕರಣಕ್ಕೆ ಮರಳೋಣ. ಬಲಗಡೆಯ ಐದು ಪದಗಳನ್ನು ಗುರುತಿಸಿದ್ದಕ್ಕೆ ಕಿಟ್‌ವುಡ್‌ಗೆ ಪೂರ್ಣ ಅಂಕ. ಕೂಡುವ ಚಿಹ್ನೆಗೆ ಅಂಕವಿಲ್ಲ. ಆಧಾರವಾಗಿ ಕಥೆಗಳನ್ನಷ್ಟೇ ಕೊಟ್ಟದ್ದಕ್ಕೆ ಅರ್ಧ ಅಂಕ ಕಳೆಯಬೇಕು. ಆದರೆ ಆ ಕಥೆಗಳು ಮುಂದಿನವರ ಪ್ರಯೋಗಕ್ಕೆ ಪ್ರಶ್ನೆಗಳಾದವು ಎಂಬುದನ್ನು ಮರೆಯಬಾರದು. ಅದೇ ಬ್ಯಾಲರ್ಡ್ ತಂಡ 69 ಆರೈಕೆ ಗೃಹಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಕ್ತಿಕೇಂದ್ರಿತ ಆರೈಕೆಯ ಜೊತೆಗೆ ವಾರಕ್ಕೆ ಒಂದು ಗಂಟೆಯ ಒಡನಾಟವನ್ನು ಸೇರಿಸಿದ್ದರು. ಚಡಪಡಿಕೆಯ ಅಂಕ ಸುಮಾರು 4ರಷ್ಟು ಇಳಿಯಿತು, ಜೀವನದ ಗುಣಮಟ್ಟವೂ ಸ್ವಲ್ಪ ಏರಿತು. ಲಾಭ ದೊಡ್ಡದಲ್ಲ. ಆದರೆ ಇದರಿಂದ ಯಾರ ಆಯುಷ್ಯವೂ ಕಡಿಮೆಯಾಗುವುದಿಲ್ಲ.

ಅಧ್ಯಾಪಕ ಮಿತ್ರರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಹಿರಿಯರಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಸಮಯ, ಅದಕ್ಕೆ ಮುಂಚೆ ಏನಾಯಿತು, ಅವರು ಏನು ಮಾಡಿದರು, ಆಮೇಲೆ ನಾವು ಏನು ಮಾಡಿದೆವು. ಎರಡು ವಾರ ತುಂಬಿಸಿ, ವೈದ್ಯರ ಬಳಿ ಹೋಗುವಾಗ ಅದನ್ನು ಒಯ್ಯಿರಿ. ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ‘ಇದನ್ನು ಮರುಪರಿಶೀಲಿಸುವುದು ಯಾವಾಗ?’ ಎಂದು ವೈದ್ಯರನ್ನು ಕೇಳಿ. ವಿದ್ಯಾರ್ಥಿಗಳೇ, ವಾರಕ್ಕೆ ಒಂದು ಗಂಟೆ ಯಾರೊಡನೆಯಾದರೂ ಕುಳಿತು ಅವರ ಹಳೆಯ ಕೆಲಸದ ಬಗ್ಗೆ, ಊರಿನ ಬಗ್ಗೆ ಮಾತನಾಡಲು ನಿಮಗೆ ಸಾಧ್ಯವಿದೆ. ನನ್ನ ಅತ್ತೆಗೆ ನನ್ನ ಹೆಸರು ಮರೆತುಹೋದ ಮೇಲೂ, ಹದಿಮೂರರ ಮಗ್ಗಿ ಶುರು ಮಾಡಿಕೊಟ್ಟರೆ ಕೊನೆಯವರೆಗೆ ಹೇಳುತ್ತಿದ್ದರು.